ಉಕ್ಕಿನ ಉಷ್ಣನಿರೋಧಕ ಫಲಕದ ಮನೆ

ಉಕ್ಕಿನ ಉಷ್ಣನಿರೋಧಕ ಫಲಕದ ಮನೆ ಎಂದರೆ ಎರಡು ತೆಳು ಉಕ್ಕಿನ ತಗಡುಗಳ ನಡುವೆ ಗಟ್ಟಿ ನೊರೆಯನ್ನು ಅಂಟಿಸಿ ತಯಾರಿಸಿದ ಫಲಕಗಳನ್ನೇ ಗೋಡೆ ಮತ್ತು ಚಾವಣಿಯಾಗಿ ಬಳಸಿ ಕಟ್ಟಿದ ಮನೆ. ಇದೇ ಬಗೆಯ ಹಗುರ ಫಲಕಗಳು ಶೀತಲಗೃಹಗಳಲ್ಲಿ ಬಳಕೆಯಲ್ಲಿದ್ದು, ಮಾರುಕಟ್ಟೆಯಲ್ಲಿ 'ಪಫ್ ಪ್ಯಾನೆಲ್' ಎಂದು ಪರಿಚಿತವಾಗಿವೆ.

ರಚನೆ

ಫಲಕದ ತಿರುಳು ಪಾಲಿಯುರಿಥೇನ್, ಥರ್ಮೋಕೋಲ್ ಅಥವಾ ಕಲ್ಲುಣ್ಣೆಯದಾಗಿರುತ್ತದೆ. ಭಾರ ಬಿದ್ದಾಗ ತಗಡುಗಳು ಎಳೆತ ಮತ್ತು ಒತ್ತಡವನ್ನು ತಾಳುತ್ತವೆ. ತಿರುಳು ಅವೆರಡನ್ನೂ ಹಿಡಿದಿಟ್ಟು ಬಾಗದಂತೆ ತಡೆಯುತ್ತದೆ. ಶಾಖ ಸಾಗದಂತೆ ತಡೆಯುವುದೂ ತಿರುಳೇ. 0.5 ಮಿ.ಮೀ. ದಪ್ಪದ ಎರಡು ತಗಡು ಹಾಗೂ 50 ಮಿ.ಮೀ. ಪಾಲಿಯುರಿಥೇನ್ ಇರುವ ಫಲಕ ಚದರ ಮೀಟರಿಗೆ ಸುಮಾರು 10 ಕಿ.ಗ್ರಾಂ ತೂಗುತ್ತದೆ. 125 ಮಿ.ಮೀ. ಕಾಂಕ್ರೀಟ್ ಚಾವಣಿಯ ತೂಕ ಅಷ್ಟೇ ಜಾಗಕ್ಕೆ ಸುಮಾರು 310 ಕಿ.ಗ್ರಾಂ.

ಇತಿಹಾಸ

ಈ ಬಗೆಯ ರಚನೆಯ ಮೊದಲ ಪ್ರಯೋಗಗಳು 1935ರಲ್ಲಿ ಅಮೆರಿಕದ ಮ್ಯಾಡಿಸನ್ ನಗರದ ಅರಣ್ಯೋತ್ಪನ್ನ ಪ್ರಯೋಗಾಲಯದಲ್ಲಿ ಮರದ ಹಲಗೆಗಳಿಂದ ನಡೆದವು. 1950ರ ದಶಕದಲ್ಲಿ ವಾಸ್ತುಶಿಲ್ಪಿ ಆಲ್ಡನ್ ಡೌ ನೊರೆ ತಿರುಳಿನ ಫಲಕಗಳಿಂದ ಮನೆಗಳನ್ನು ಕಟ್ಟಿದರು. ಭಾರತದಲ್ಲಿ 2021ರ ಜನವರಿ 1ರಂದು ಶಂಕುಸ್ಥಾಪನೆಯಾದ ಆರು 'ಲೈಟ್ ಹೌಸ್' ವಸತಿ ಯೋಜನೆಗಳ ಪೈಕಿ ಇಂದೋರಿನದು ಉಕ್ಕಿನ ಚೌಕಟ್ಟು ಮತ್ತು ಸ್ಯಾಂಡ್‌ವಿಚ್ ಫಲಕಗಳ ವಿಧಾನವನ್ನು ಆಯ್ದುಕೊಂಡಿತು.

ಹರ್ತಿ ಪರಿಸರದಲ್ಲಿ

ಹರ್ತಿ ಗದಗ ತಾಲ್ಲೂಕಿನ ಗ್ರಾಮ. ಈ ಬಯಲುಸೀಮೆಯ ಹಳೆಯ ಮನೆಗಳು ದಪ್ಪ ಗೋಡೆ ಮತ್ತು ಮಣ್ಣಿನ ಮೇಲ್ಮುದ್ದೆಯವು. ತೊಲೆ, ಜಂತಿಗಳ ಮೇಲೆ ಹರಡಿದ ಮಣ್ಣು ಹಗಲಿನ ಶಾಖವನ್ನು ಹೀರಿ ನಿಧಾನವಾಗಿ ಬಿಡುವುದರಿಂದ ಮಧ್ಯಾಹ್ನವೂ ಒಳಗೆ ತಂಪಿರುತ್ತದೆ. ಆದರೆ ಅದಕ್ಕೆ ಆಗಾಗ ಮಣ್ಣು ಹಾಕಿಸುತ್ತಿರಬೇಕು. ಸತತ ಮಳೆಗೆ ನೆನೆದ ಗೋಡೆ ಕುಸಿಯುವ ಭಯವೂ ಇದೆ. ಇದರ ಬದಲಿಗೆ ಒಂಟಿ ತಗಡು ಹೊದಿಸಿದರೆ ಮಳೆ ನಿಲ್ಲುತ್ತದೆ, ಬಿಸಿಲು ನಿಲ್ಲುವುದಿಲ್ಲ.

ನಿರೋಧಕ ಫಲಕ ಈ ಕೊರತೆಯನ್ನು ತುಂಬುತ್ತದೆ. ಭಾರತದ 2018ರ ಇಕೋ ನಿವಾಸ್ ಸಂಹಿತೆಯ ಪ್ರಕಾರ ಚಾವಣಿಯ ಉಷ್ಣ ಪ್ರಸರಣ ಮೌಲ್ಯ ಚದರ ಮೀಟರಿಗೆ, ಪ್ರತಿ ಕೆಲ್ವಿನ್‌ಗೆ 1.2 ವ್ಯಾಟ್ ಮೀರಬಾರದು. 50 ಮಿ.ಮೀ. ಪಾಲಿಯುರಿಥೇನ್ ಫಲಕಕ್ಕೆ ಲೆಕ್ಕ ಹಾಕಿದರೆ ಇದು 0.5ಕ್ಕಿಂತ ಕಡಿಮೆ. ಆದರೂ ಫಲಕವು ಮೇಲ್ಮುದ್ದೆಗೆ ಸಮನಲ್ಲ: ಅದು ಶಾಖವನ್ನು ತಡೆಯುತ್ತದೆಯೇ ಹೊರತು ಮಣ್ಣಿನಂತೆ ಸಂಗ್ರಹಿಸುವುದಿಲ್ಲ. ಒಳಗೆ ಹುಟ್ಟಿದ ಅಥವಾ ಕಿಟಕಿಯಿಂದ ನುಗ್ಗಿದ ಶಾಖ ಅಲ್ಲೇ ಉಳಿಯುವುದರಿಂದ ಕಿಟಕಿಗಳಿಗೆ ನೆರಳು ಮತ್ತು ರಾತ್ರಿಯ ಗಾಳಿಯಾಟ ಅಗತ್ಯ.

ನಿರ್ಮಾಣ

ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಮನೆ ಹಗುರವೆಂದು ಅಡಿಪಾಯದಲ್ಲಿ ಉಳಿತಾಯ ಮಾಡಿದರೆ ನೆಲ ಎದ್ದು ಫಲಕಗಳ ಕೀಲು ಸಡಿಲುತ್ತದೆ. ಕಪ್ಪತಗುಡ್ಡದ ಗಾಳಿಯಂತ್ರಗಳೇ ಸೂಚಿಸುವಂತೆ ಇದು ಗಾಳಿಯ ಸೀಮೆ; ಹಗುರ ಚಾವಣಿಯನ್ನು ಗಾಳಿ ಮೇಲಕ್ಕೆತ್ತದಂತೆ ಗೋಡೆಗೂ, ಗೋಡೆಯನ್ನು ಅಡಿಪಾಯಕ್ಕೂ ಬೋಲ್ಟುಗಳಿಂದ ಬಿಗಿಯಬೇಕು. ಫಲಕಗಳು ಸೇರುವಲ್ಲಿ ಒಳ ಮತ್ತು ಹೊರ ತಗಡುಗಳು ಪರಸ್ಪರ ತಾಗಿದರೆ ಶಾಖ ಆ ದಾರಿಯಲ್ಲೇ ಒಳಬರುತ್ತದೆ.

ಮಿತಿಗಳು ಮತ್ತು ಸುರಕ್ಷತೆ

* ಥರ್ಮೋಕೋಲ್ ಕರಗಿ ಉರಿಯುತ್ತದೆ. ಪಾಲಿಯುರಿಥೇನ್ ಉರಿದರೆ ವಿಷಕಾರಿ ಹೊಗೆ ಬರುತ್ತದೆ. ಕಲ್ಲುಣ್ಣೆ ಉರಿಯುವುದಿಲ್ಲ. ನೊರೆ ಫಲಕದ ಒಳಬದಿಗೆ ಜಿಪ್ಸಮ್ ಹಲಗೆಯ ಹೊದಿಕೆ ರಕ್ಷಣೆ ನೀಡುತ್ತದೆ.
* ಗಾಳಿಯಾಡದ ಮನೆಯೊಳಗೆ ಕಟ್ಟಿಗೆಯ ಒಲೆ ಹೂಡುವುದು ಅಪಾಯಕರ.
* ಗೋಡೆಯೇ ಲೋಹವಾದ್ದರಿಂದ ವಿದ್ಯುತ್ ತಂತಿಗಳನ್ನು ಕೊಳವೆಯಲ್ಲಿ ಸಾಗಿಸಿ, ತಗಡುಗಳಿಗೆ ಅರ್ಥಿಂಗ್ ಕೊಟ್ಟು, ಸೋರಿಕೆ ರಕ್ಷಕ ಸ್ವಿಚ್ ಅಳವಡಿಸಬೇಕು.
* ಮಾರುಕಟ್ಟೆಯ ಎಲ್ಲ ಪಫ್ ಪ್ಯಾನೆಲ್‌ಗಳೂ ಭಾರ ಹೊರುವಂಥವಲ್ಲ. ಹೊದಿಕೆಗೆಂದು ತಯಾರಾದವುಗಳಿಗೆ ಪ್ರತ್ಯೇಕ ಉಕ್ಕಿನ ಚೌಕಟ್ಟು ಬೇಕು. ಯಾವುದು ಎಂಬುದನ್ನು ರಚನಾ ಎಂಜಿನಿಯರ್ ನಿರ್ಧರಿಸಬೇಕು.