ಮೂಲವನ್ನು ದಾಟಿ ಹೊರಟ ಸಿನಿಮಾ

ಕಾದಂಬರಿಯೊಂದು ಸಿನಿಮಾ ಆದಾಗಲೆಲ್ಲ ನಮ್ಮಲ್ಲಿ ಏಳುವ ಮೊದಲ ತಕರಾರು, ಪುಸ್ತಕದಲ್ಲಿ ಇದ್ದದ್ದು ತೆರೆಯ ಮೇಲೆ ಬಂದಿಲ್ಲ ಎಂಬುದು. ಮೂಲಕ್ಕೆ ಅಂಟಿಕೊಂಡಷ್ಟೂ ಸಿನಿಮಾ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಕನ್ನಡ ಚಿತ್ರರಂಗ ನಡೆದುಬಂದ ದಾರಿಯನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಮೂಲವನ್ನು ಬಿಟ್ಟು ನಡೆಯುವ ಧೈರ್ಯ ಬೆಳೆದಂತೆಲ್ಲ ನಮ್ಮ ಸಾಹಿತ್ಯಾಧಾರಿತ ಸಿನಿಮಾ ಗಟ್ಟಿಯಾಗಿದೆ.

ಆರಂಭದಲ್ಲಿ ಆ ಧೈರ್ಯಕ್ಕೆ ಅವಕಾಶವೇ ಇರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ರಂಗಭೂಮಿಯಿಂದ ಬಂದವರು. ಇಪ್ಪತ್ತು ವರ್ಷಗಳ ನಂತರ ರಾಜ್‌ಕುಮಾರ್ ಅವರನ್ನು ನಾಯಕನಾಗಿ ಪರಿಚಯಿಸಿದ ‘ಬೇಡರ ಕಣ್ಣಪ್ಪ’ದ ಬೇರು ಕೂಡ ಗುಬ್ಬಿ ನಾಟಕ ಕಂಪನಿಯಲ್ಲೇ ಇತ್ತು. ಪುರಾಣದ ಕಥೆ, ಹಾಡು, ಏರುದನಿಯ ಮಾತು ಎಲ್ಲವೂ ನಾಟಕದ ಬಳುವಳಿ. ಅದನ್ನು ಕೊರತೆಯೆಂದು ಹಳಿಯುವುದು ಅನ್ಯಾಯ. ಕನ್ನಡ ಸಿನಿಮಾಕ್ಕೆ ನಟರನ್ನೂ ಪ್ರೇಕ್ಷಕರನ್ನೂ ಕೊಟ್ಟು ಸಾಕಿದ್ದು ಕಂಪನಿ ನಾಟಕವೇ.

ತಿರುವು ಬಂದದ್ದು 1970ರ ‘ಸಂಸ್ಕಾರ’ದಿಂದ. ಅನಂತಮೂರ್ತಿಯವರ ಕಾದಂಬರಿಗೆ ಗಿರೀಶ ಕಾರ್ನಾಡರು ಚಿತ್ರಕಥೆ ಬರೆದರು, ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು, ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಾಹಕರಾದರು. ಸೆನ್ಸಾರ್ ಮಂಡಳಿ ಮೊದಲು ತಡೆದ ಈ ಚಿತ್ರ ಆಮೇಲೆ ಸ್ವರ್ಣಕಮಲ ಪಡೆಯಿತು. ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯರ ಮನಸ್ಸಿನೊಳಗಿನ ಜಿಜ್ಞಾಸೆ ತೆರೆಯ ಮೇಲೆ ಪೂರ್ತಿ ಬರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಮನಸ್ಸಿನೊಳಗೆ ನುಗ್ಗುವ ದಾರಿ ಗದ್ಯಕ್ಕೆ ಸುಲಭ, ಕ್ಯಾಮೆರಾಕ್ಕೆ ಕಷ್ಟ. ಆದರೆ ಹೆಣ ಕೊಳೆಯುತ್ತಿರುವ ಅಗ್ರಹಾರದ ಬಿಸಿಲು, ಹಸಿವು, ನಿಶ್ಶಬ್ದಗಳನ್ನು ಕಣ್ಣಿಗೆ ಕಟ್ಟಿಸುವುದು ಕ್ಯಾಮೆರಾದ ಶಕ್ತಿ. ಒಂದು ಮಾಧ್ಯಮದಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರಲ್ಲಿ ಬೇರೆ ರೂಪದಲ್ಲಿ ಗಳಿಸಬೇಕಾಗುತ್ತದೆ. 1975ರ ‘ಚೋಮನ ದುಡಿ’ ಆ ಗಳಿಕೆಗೆ ಇನ್ನೂ ಒಳ್ಳೆಯ ಉದಾಹರಣೆ. ಶಿವರಾಮ ಕಾರಂತರ 1933ರ ಕಾದಂಬರಿಯಲ್ಲಿ ಚೋಮ ಬಡಿಯುವ ದುಡಿಯ ಸದ್ದನ್ನು ಓದುಗ ಊಹಿಸಿಕೊಳ್ಳಬೇಕು. ಸಿನಿಮಾದಲ್ಲಿ ಅದು ಎದೆಗೇ ಬಂದು ಬಡಿಯುತ್ತದೆ. ನಿರ್ದೇಶಿಸಿದ ಬಿ.ವಿ. ಕಾರಂತರು ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದವರು, ರಂಗಸಂಗೀತದಲ್ಲಿ ಪಳಗಿದವರು. ರಂಗಭೂಮಿ ಇಲ್ಲಿ ಕಿವಿಯ ಮೂಲಕ ಸಿನಿಮಾದ ಒಳಗೆ ಬಂತು.

ಹಾಗಾದರೆ ಲೇಖಕನ ಹಕ್ಕೇನು? ನಿರ್ದೇಶಕ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು 1972ರಲ್ಲಿ ‘ನಾಗರಹಾವು’ ಮಾಡಿದರು. ಜನ ಮುಗಿಬಿದ್ದು ನೋಡಿದ ಆ ಚಿತ್ರ ತ.ರಾ.ಸು. ಅವರಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಅವರ ನೋವನ್ನು ತಳ್ಳಿಹಾಕುವಂತಿಲ್ಲ; ಸ್ವಾತಂತ್ರ್ಯವೆಂದರೆ ಮನಬಂದಂತೆ ಕತ್ತರಿಸುವ ಪರವಾನಗಿ ಆಗಬಾರದು. ಸಿನಿಮಾ ಮೂಲದ ಪ್ರಶ್ನೆಯನ್ನು ಇನ್ನಷ್ಟು ಮುಂದಕ್ಕೆ ಒಯ್ಯಿತೇ ಎಂಬುದೇ ಸರಿಯಾದ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಗಿರೀಶ ಕಾಸರವಳ್ಳಿಯವರ 2008ರ ‘ಗುಲಾಬಿ ಟಾಕೀಸ್’ ಎಲ್ಲಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ. ವೈದೇಹಿಯವರ ಕಥೆಯಲ್ಲಿ ಪುಟ್ಟ ಊರಿಗೆ ಟಾಕೀಸು ಬರುತ್ತದೆ, ಸೂಲಗಿತ್ತಿಯೊಬ್ಬಳು ಅಲ್ಲಿ ಗೇಟು ಕಾಯುತ್ತಾಳೆ, ಹೆಂಗಸರಿಗೆ ಮನೆಯಾಚೆಯ ಲೋಕವೊಂದು ತೆರೆಯುತ್ತದೆ. ಕಾಸರವಳ್ಳಿ ಸೂಲಗಿತ್ತಿಯನ್ನು ಉಳಿಸಿಕೊಂಡು ಉಳಿದದ್ದನ್ನು ಬಹುಪಾಲು ಬದಲಿಸಿದರು. ಸಿನಿಮಾದಲ್ಲಿ ಆ ಸೂಲಗಿತ್ತಿ, ಮೀನುಗಾರರ ನಡುವೆ ಒಂಟಿಯಾಗಿ ಬದುಕುವ ಗುಲಾಬಿ ಎಂಬ ಮುಸ್ಲಿಂ ಹೆಂಗಸಾದಳು. ಟಾಕೀಸಿನ ಬದಲು ಅವಳ ಮನೆಗೇ ಡಿಶ್ ಆಂಟೆನಾ ಸಮೇತ ಟೀವಿ ಬಂತು, ಕಾಲ ಕಾರ್ಗಿಲ್ ಯುದ್ಧದ ಹೊತ್ತಿಗೆ ಸರಿಯಿತು. ಹೆಂಗಸರನ್ನು ಒಟ್ಟು ಸೇರಿಸಿದ ಅದೇ ಪರದೆ ಊರನ್ನು ಒಡೆಯುವ ಸುದ್ದಿಯನ್ನೂ ಹೊತ್ತು ತಂದಿತು. ವೈದೇಹಿ ಕೇಳಿದ್ದ ಪ್ರಶ್ನೆ, ಅಂದರೆ ಚಲಿಸುವ ಚಿತ್ರಗಳು ಹೆಣ್ಣುಮಕ್ಕಳ ಬದುಕನ್ನು ಏನು ಮಾಡುತ್ತವೆ ಎಂಬುದು, ಹೊಸ ಕಾಲದ ಉತ್ತರದೊಂದಿಗೆ ಮರಳಿ ಬಂತು. ಗುಲಾಬಿಯಾಗಿ ನಟಿಸಿದ ಉಮಾಶ್ರೀ ರಾಷ್ಟ್ರಪ್ರಶಸ್ತಿ ಪಡೆದರು.

ಹೀಗೆ ಬದಲಿಸುವುದಾದರೆ ಸ್ವಂತ ಕಥೆಯನ್ನೇ ಬರೆಯಬಹುದಿತ್ತಲ್ಲ ಎನ್ನುವವರಿದ್ದಾರೆ. ವೈದೇಹಿಯವರ ಕಥೆ ಇಲ್ಲದಿದ್ದರೆ ಈ ಗುಲಾಬಿ ಹುಟ್ಟುತ್ತಲೇ ಇರಲಿಲ್ಲ ಎಂಬುದು ಅವರಿಗೆ ಉತ್ತರ. ಅನುಮಾನವಿದ್ದವರು ಕಥೆಯನ್ನು ಮೊದಲು ಓದಿ, ಅದೇ ವಾರ ಸಿನಿಮಾ ನೋಡಿ.