ಮೂತ್ರಪಿಂಡ ರೋಗಿಯ ಹೇಳದ ಬೇನೆ

ಸಂಸ್ಕೃತದಲ್ಲಿ ‘ವೃಕ್ಕ’ವೆಂದೂ ಗ್ರಾಂಥಿಕ ಕನ್ನಡದಲ್ಲಿ ‘ಮೂತ್ರಪಿಂಡ’ವೆಂದೂ ಕರೆಯಿಸಿಕೊಳ್ಳುವ ಅವಯವವು ಈಗ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಸಂತೆಗಳಲ್ಲಿಯೂ ‘ಕಿಡ್ನಿ’ಯೆಂದೇ ಪ್ರಸಿದ್ಧವಾಗಿದೆ. ಹೆಸರು ಬಳಕೆಗೆ ಬಂದಷ್ಟು ಅದರ ವಿಚಾರವು ಬಳಕೆಗೆ ಬಂದಿಲ್ಲ. ವೈದ್ಯನಲ್ಲದ ನಾನು ಈ ವಿಷಯವನ್ನೆತ್ತಿಕೊಂಡುದಕ್ಕೆ ಕಾರಣವು ವಾಚಕರಿಗೆ ಮುಂದೆ ತಿಳಿದೀತು.

ಬೆನ್ನೆಲುಬಿನ ಎಡಬಲಗಳಲ್ಲಿರುವ ಮುಷ್ಟಿಗಾತ್ರದ ಈ ಎರಡು ಪಿಂಡಗಳಲ್ಲಿ, ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳುಂಟು. ಅವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಒಂದೆರಡು ಲೀಟರನ್ನು ಮಾತ್ರ ಹೊರಹಾಕಿ, ಉಳಿದುದನ್ನು ದೇಹಕ್ಕೆ ಮರಳಿಸುತ್ತವೆ. ರಕ್ತವೃದ್ಧಿಗೆ ಬೇಕಾದ ಚೋದಕವನ್ನು ಒದಗಿಸುವುದೂ ಎಲುಬುಗಳ ಬಲವನ್ನು ಕಾಯುವುದೂ ಇವುಗಳದೇ ಕಾರ್ಯ. ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ ಇವುಗಳ ಪ್ರಧಾನ ವೈರಿಗಳು. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವ ನೋವಿನ ಗುಳಿಗೆಗಳೂ ಆ ವೈರಿಗಳೊಡನೆ ಕೈಜೋಡಿಸುತ್ತವೆ. ರೋಗದ ಐದು ಹಂತಗಳಲ್ಲಿ ಮೊದಲಿನವು ಮೌನವಾಗಿಯೇ ಕಳೆದುಹೋಗುತ್ತವೆ; ರಕ್ತಮೂತ್ರಗಳ ಪರೀಕ್ಷೆಯ ವಿನಾ ಅವು ತಿಳಿಯಲಾರವು.

ಅನಂತರ ಬೇನೆಗಳು ಒಂದರ ಬೆನ್ನಿಗೊಂದು ಬರುತ್ತವೆ. ಇಳಕಲ್ಲಿನ ನೇಕಾರರೊಬ್ಬರು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ಕುಣಿಮಗ್ಗದಲ್ಲಿ ಕುಳಿತು ಸೀರೆಯ ಸೆರಗು ಜೋಡಿಸುತ್ತಿದ್ದವರು. ಮೊದಲು ದಣಿವು ಬಂದಿತು. ಅದು ದುಡಿಮೆಯ ದಣಿವಲ್ಲ, ಮಲಗೆದ್ದರೂ ಹೋಗದ ದಣಿವು. ಮೇಲೆ ಹೇಳಿದ ಚೋದಕವು ಕುಂದಿ ರಕ್ತಹೀನತೆಯುಂಟಾದುದು ಅದಕ್ಕೊಂದು ಕಾರಣ. ಆಮೇಲೆ ಕಾಲಬಾವು, ಸ್ನಾಯುಸೆಳೆತ, ಓಕರಿಕೆ, ಜೋಳದ ರೊಟ್ಟಿಯೂ ಲೋಹದಂತೆ ರುಚಿಸುವ ಬಾಯಿ, ರಾತ್ರಿ ಒಂದೆಡೆ ನಿಲ್ಲಲೊಲ್ಲದ ಕಾಲುಗಳು. ಎಲ್ಲಕ್ಕಿಂತ ಅವರನ್ನು ಕಾಡಿದುದು ತುರಿಕೆ.

ಇಲ್ಲಿ ಪದವೊಂದರ ವಿಚಾರ. ನಮ್ಮ ಭಾಗದಲ್ಲಿ ತುರಿಕೆಗೆ ‘ತಿಂಡಿ’ಯೆನ್ನುವ ರೂಢಿಯುಂಟು. “ರಾತ್ರಿಯೆಲ್ಲಾ ಮೈಗೆ ತಿಂಡಿ ಬಿಡತೈತ್ರಿ” ಎಂದು ಇವರು ಹೇಳಿದಾಗ, ದಕ್ಷಿಣದ ಕಡೆಯಿಂದ ಬಂದಿದ್ದ ತರುಣ ವೈದ್ಯರೊಬ್ಬರು ರಾತ್ರಿ ತಿಂಡಿ ತಿನ್ನಬಾರದೆಂದು ಉಪದೇಶಿಸಿ ಕಳುಹಿಸಿದರಂತೆ! ಕೇಳಿ ನಕ್ಕೆನು; ಆದರೆ ಅವರು ತೋಳು ತೋರಿಸಿದಾಗ ನಗೆ ನಿಂತಿತು. ಕೆರೆದು ಕೆರೆದು ಚರ್ಮವು ಬಿರಿದಿತ್ತು. “ಮತ್ತ ಹೇಳಲಿಲ್ರೀ ಗುರುಗಳ, ದೊಡ್ಡ ಬ್ಯಾನಿ ಮುಂದ ಇದೇನು ಅಂತ” ಎಂದರು.

ಇದು ಇವರೊಬ್ಬರ ಕಥೆಯಲ್ಲ. ರೋಗಿಗಳು ಅನುಭವಿಸುವ ಲಕ್ಷಣಗಳಲ್ಲಿ ಅನೇಕವು ವೈದ್ಯರ ಗಮನಕ್ಕೆ ಬಾರದೆ ಉಳಿಯುತ್ತವೆಂದು ಪಾಶ್ಚಾತ್ಯ ಸಂಶೋಧಕರೂ ಕಂಡುಕೊಂಡಿದ್ದಾರೆ. 2004ರಲ್ಲಿ ಪ್ರಕಟವಾದ ಒಂದು ಪ್ರಶ್ನಾವಳಿಯಲ್ಲಿ ಇಂಥ 30 ಲಕ್ಷಣಗಳನ್ನು ಎಣಿಸಿ, ಒಂದೊಂದೂ ರೋಗಿಯನ್ನು ಎಷ್ಟು ಪೀಡಿಸುತ್ತದೆಂದು ಕೇಳಲಾಗಿದೆ. ನಿದ್ರಾನಾಶ, ಚಿಂತೆ, ದಾಂಪತ್ಯಸುಖದಲ್ಲಿ ನಿರಾಸಕ್ತಿ ಮುಂತಾದ, ನಮ್ಮವರು ಬಾಯಿಬಿಟ್ಟು ಹೇಳದ ಸಂಗತಿಗಳೂ ಅದರಲ್ಲಿವೆ. ಪ್ರಯೋಗಶಾಲೆಯ ಅಂಕಿಯು ಕ್ರಿಯಾಟಿನಿನ್ನನ್ನು ಹೇಳೀತು, ಇವನ್ನು ಹೇಳಲಾರದು.

ಯಂತ್ರದ ಮೂಲಕ ರಕ್ತಶುದ್ಧಿ ಮಾಡುವ ಡಯಾಲಿಸಿಸ್ ವಿಧಾನವನ್ನು 1943ರಲ್ಲಿ ಯುದ್ಧಕಾಲದ ಹಾಲೆಂಡಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯನು ಕಾರ್ಯಸಾಧ್ಯವಾಗಿಸಿದನು. 2016ರಲ್ಲಿ ಕೇಂದ್ರ ಸರಕಾರವು ಇದಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಘೋಷಿಸಿತು. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿಸಲವೂ ನಾಲ್ಕು ತಾಸು. ಪ್ರಾಣವುಳಿಯುತ್ತದೆ, ಲಕ್ಷಣಗಳೆಲ್ಲ ಅಳಿಯುವುದಿಲ್ಲ. ಆ ದಿನದ ನಿಶ್ಶಕ್ತಿಯೇ ಬೇರೊಂದು ಸೇರುತ್ತದೆ. ಬನಶಂಕರಿ ಜಾತ್ರೆಗೆ ಹೋಗಬೇಕಾದರೂ ಪಾಳಿಯನ್ನೆಣಿಸಿಯೇ ಹೊರಡಬೇಕು.

ನೀರಿನ ಮಿತಿಯಂತೂ ನಮ್ಮ ನಾಡಿನ ಬೇಸಿಗೆಯಲ್ಲಿ ಕಠಿಣ ವ್ರತ. ಬಂದವರಿಗೆ ಬೆಲ್ಲ, ತಂಬಿಗೆ ನೀರು ಕೊಡುವ ನಾಡಿದು; ಬೇಡವೆಂದರೆ ಬೀಗರು ಮುನಿಯುತ್ತಾರೆ. ನೀರಡಿಕೆಯ ಬೇರು ಉಪ್ಪಿನಲ್ಲಿದೆ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಬಿದ್ದ ಶೇಂಗಾಹಿಂಡಿ ಕಡಿಮೆಯಾದರೆ ಬಾಯಾರಿಕೆಯೂ ಇಳಿಯುತ್ತದೆ. ಎಳನೀರು ದೇಹಕ್ಕೆ ತಂಪೆಂದು ಬಲವಂತ ಮಾಡುವವರು, ಅದರ ಪೊಟ್ಯಾಸಿಯಂ ಇಂಥವರ ಹೃದಯಕ್ಕೆ ಅಪಾಯವೆಂಬುದನ್ನರಿಯಬೇಕು.

ತುರಿಕೆಗೂ ಉಪಾಯವುಂಟು: ರಂಜಕದ ಹತೋಟಿ, ಚರ್ಮಕ್ಕೆ ಜಿಡ್ಡಿನ ಲೇಪನ, ನರಗಳನ್ನು ಶಮನಗೊಳಿಸುವ ಔಷಧಿಯ ಅಲ್ಪಪ್ರಮಾಣ. ಆದರೆ ಕೇಳಿದವರಿಗೆ ಮಾತ್ರ ಅದು ದೊರೆಯುವುದು. ಆ ನೇಕಾರರಿಗೆ ನಾನು ಚೀಟಿಯೊಂದನ್ನು ಬರೆದುಕೊಟ್ಟೆನು. ಅವರು ಹೇಳಿದ ಒಂಬತ್ತು ಬೇನೆಗಳು ಅವರ ಮಾತಿನಲ್ಲಿಯೇ ಇದ್ದವು, ಪಕ್ಕದಲ್ಲಿ ಗ್ರಾಂಥಿಕ ಪದಗಳು. ‘ತಿಂಡಿ’ಯೆದುರು ‘ತುರಿಕೆ’ಯೆಂದು ಬರೆದು ಎರಡು ಗೆರೆ ಎಳೆದಿದ್ದೆ. ಮುಂದಿನ ಪಾಳಿಯಲ್ಲಿ ವೈದ್ಯರು ಅದನ್ನೋದಿ ಔಷಧಿಯನ್ನು ಬದಲಿಸಿದರು. ಹದಿನೈದು ದಿನಗಳ ಮೇಲೆ ಅವರ ಮಗನು ಬಂದು, ಅಪ್ಪ ಮೂರು ರಾತ್ರಿ ಕಣ್ಣುಮುಚ್ಚಿ ಮಲಗಿದನೆಂದೂ ಚೀಟಿಯು ಹರಿದಿರುವುದರಿಂದ ಇನ್ನೊಂದು ಬರೆದುಕೊಡಬೇಕೆಂದೂ ಕೇಳಿದನು.