ಗ್ರಾಫಿಕ್ಸ್ ಕಾರ್ಡ್ ಆಯ್ಕೆ: ಪರದೆ, ಮೆಮೊರಿ, ಬಿಸಿ

ಕಂಪ್ಯೂಟರ್ ಆಟದ ಪರದೆಯಲ್ಲಿ ಕಾಣುವ ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಲೆಕ್ಕ ಹಾಕುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು, ಅಂದರೆ ಸುಮಾರು 83 ಲಕ್ಷ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದು ಫ್ರೇಮ್‌ಗೆ ಸಿಗುವ ಸಮಯ 16.7 ಮಿಲಿಸೆಕೆಂಡ್ ಮಾತ್ರ. ಒಂದು ಚುಕ್ಕೆಯ ಲೆಕ್ಕ ಬಹುಮಟ್ಟಿಗೆ ಪಕ್ಕದ ಚುಕ್ಕೆಗಾಗಿ ಕಾಯಬೇಕಿಲ್ಲ. ಆದ್ದರಿಂದಲೇ ಈ ಚಿಪ್‌ಗಳಲ್ಲಿ ಸಾವಿರಾರು ಸಣ್ಣ ಕೋರ್‌ಗಳು ಒಟ್ಟಿಗೆ ದುಡಿಯುತ್ತವೆ. ಎನ್‌ವಿಡಿಯಾ ಕಂಪನಿಯ 2022ರ ಆರ್‌ಟಿಎಕ್ಸ್ 4090 ಕಾರ್ಡಿನಲ್ಲಿ ಅವುಗಳ ಸಂಖ್ಯೆ 16,384. ಚುಕ್ಕೆ ಹೆಚ್ಚಿದಷ್ಟೂ ಕೆಲಸ ಹೆಚ್ಚುವುದರಿಂದ ಆಯ್ಕೆ ಶುರುವಾಗಬೇಕಾದದ್ದು ಮಾನಿಟರ್‌ನಿಂದ. ಫುಲ್ ಎಚ್‌ಡಿ, 60 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು 4ಕೆಗೆಂದು ಮಾಡಿದ ಕಾರ್ಡ್ ಕೊಳ್ಳುವುದು ದುಡ್ಡು ದಂಡ.

ಮುಂದಿನದು ಮೆಮೊರಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಅದರ ಗಾತ್ರ ಮಾತ್ರ. ಸಾಂಗಲಿ ಪಕ್ಕದ ಹರಿಪುರದಲ್ಲಿ ಅರಿಸಿನ ತುಂಬಿಡುತ್ತಿದ್ದ ಹಗೇವುಗಳನ್ನು ಕಂಡವರಿಗೆ ಉಳಿದರ್ಧ ಸುಲಭವಾಗಿ ತಿಳಿಯುತ್ತದೆ. ನೆಲದೊಳಗೆ ಹಗೇವು ಎಷ್ಟೇ ವಿಶಾಲವಾಗಿರಲಿ, ಚೀಲ ಇಳಿಯುವುದೂ ಏರುವುದೂ ಕಿರಿದಾದ ಬಾಯಿಯಿಂದಲೇ. ಕಾರ್ಡಿನಲ್ಲಿ ಆ ಬಾಯಿಯ ಅಗಲವೇ ಮೆಮೊರಿ ಬಸ್. ಆರ್‌ಟಿಎಕ್ಸ್ 4060 ಟಿಐ ಕಾರ್ಡಿನ ಒಂದು ಮಾದರಿಯಲ್ಲಿ 16 ಜಿಬಿ ಮೆಮೊರಿ ಇದೆ, ಆದರೆ ಬಸ್ 128 ಬಿಟ್. ಸೆಕೆಂಡಿಗೆ ಹಾಯುವುದು 288 ಜಿಬಿ. ಆರ್‌ಟಿಎಕ್ಸ್ 4070ರಲ್ಲಿ 12 ಜಿಬಿಯೇ ಇದ್ದರೂ 192 ಬಿಟ್ ಬಸ್ ಮತ್ತು ವೇಗದ ಮೆಮೊರಿಯಿಂದಾಗಿ 504 ಜಿಬಿ ಹಾಯುತ್ತದೆ. ಚಿಪ್‌ನೊಳಗಿನ ಕ್ಯಾಶ್ ಈ ಕೊರತೆಯನ್ನು ಸ್ವಲ್ಪ ನೀಗಿಸುತ್ತದೆ, ಪೂರ್ತಿಯಾಗಿ ಅಲ್ಲ.

ಹಾಗೆಂದು ಗಾತ್ರ ನಗಣ್ಯವಲ್ಲ. ಕಾರ್ಡಿನ ಮೆಮೊರಿ ತುಂಬಿದರೆ ಉಳಿದ ಮಾಹಿತಿ ಮದರ್‌ಬೋರ್ಡ್ ದಾಟಿ ಮುಖ್ಯ ಮೆಮೊರಿಯಿಂದ ಬರಬೇಕು. 4060 ಟಿಐಗೆ ಪಿಸಿಐಇ ಎಂಬ ಆ ದಾರಿಯಲ್ಲಿ ಸೆಕೆಂಡಿಗೆ ಸಿಗುವುದು ಸುಮಾರು 16 ಜಿಬಿ. ಹಳೆಯ ಪಿಸಿಐಇ 3.0 ಬೋರ್ಡ್ ಆದರೆ ಅದರಲ್ಲೂ ಅರ್ಧ. ಆಟ ಜರ್ಕ್ ಹೊಡೆಯುವುದು ಆಗಲೇ. ಹೊಸ ಆಟಗಳಿಗೆ 8 ಜಿಬಿ ಈಗ ಸಾಲದಾಗುತ್ತಿದೆ. ಮೂರ್ನಾಲ್ಕು ವರ್ಷ ಬಾಳಿಕೆ ಬರಬೇಕಾದರೆ 12 ಜಿಬಿಗಿಂತ ಕೆಳಗಿಳಿಯದಿರುವುದು ಲೇಸು.

ಜಾಹೀರಾತಿನ ಫ್ರೇಮ್ ಲೆಕ್ಕವನ್ನು ಇದ್ದಂತೆಯೇ ನಂಬಬಾರದು. 2025ರ ಜನವರಿಯಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು 549 ಡಾಲರ್‌ನ ಆರ್‌ಟಿಎಕ್ಸ್ 5070 ಕಾರ್ಡಿನಿಂದ 4090ರಷ್ಟೇ ಸಾಮರ್ಥ್ಯ ಸಿಗುತ್ತದೆ ಎಂದರು. 5070ರಲ್ಲಿ ಇರುವುದು 6,144 ಕೋರ್, 12 ಜಿಬಿ ಮೆಮೊರಿ. ಆ ಹೋಲಿಕೆ ನಿಂತಿದ್ದು ಕೃತಕ ಬುದ್ಧಿಮತ್ತೆ ನಡುನಡುವೆ ಊಹಿಸಿ ತುಂಬುವ ಫ್ರೇಮ್‌ಗಳ ಮೇಲೆ. ನಿಜವಾಗಿ ಲೆಕ್ಕ ಹಾಕಿದ ಒಂದು ಫ್ರೇಮ್‌ಗೆ ಇಂಥವು ಆಗ ಮೂರರವರೆಗೆ ಸೇರುತ್ತಿದ್ದವು. ಇದರಿಂದ ನೋಟ ನಯವಾಗುತ್ತದೆ, ಆದರೆ ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ. ಹೋಲಿಸುವುದಾದರೆ ಈ ಸೌಲಭ್ಯ ಬಂದ್ ಮಾಡಿ ಅಳೆದ ಅಂಕಿಗಳನ್ನೇ ಹೋಲಿಸಬೇಕು.

ವಿದ್ಯುತ್ತು ಮತ್ತು ಬಿಸಿ ಸಾಂಗಲಿ, ಮಿರಜ್‌ಗಳಲ್ಲಿ ದೊಡ್ಡ ವಿಷಯ. ಆರ್‌ಟಿಎಕ್ಸ್ 4060 ಬೇಡುವುದು 115 ವಾಟ್, 5090 ಬೇಡುವುದು 575 ವಾಟ್. ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿಗೆ 304 ವಾಟ್. ಈ ಕೊನೆಯ ಕಾರ್ಡ್ ದಿನಕ್ಕೆ ನಾಲ್ಕು ಗಂಟೆ ಪೂರ್ಣ ಭಾರದಲ್ಲಿ ಓಡಿದರೆ ತಿಂಗಳಿಗೆ ಸುಮಾರು 36 ಯೂನಿಟ್. ಇಷ್ಟೂ ವಿದ್ಯುತ್ತು ಕೊನೆಗೆ ಶಾಖವಾಗಿ ಕೋಣೆಗೇ ಸೇರುತ್ತದೆ. ಕೋಣೆಯ ಉಷ್ಣತೆ 10 ಡಿಗ್ರಿ ಏರಿದರೆ ಚಿಪ್‌ನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮಿತಿ ಮುಟ್ಟಿದೊಡನೆ ಕಾರ್ಡ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಏಸಿ ಇಲ್ಲದ ಕೋಣೆಗೆ ಅಗ್ಗದ ಒಂದೇ ಫ್ಯಾನಿನ ಮಾದರಿ ಸಲ್ಲದು. ದೊಡ್ಡ ಹೀಟ್‌ಸಿಂಕ್, ಗಾಳಿಯಾಡುವ ಕ್ಯಾಬಿನೆಟ್, ಕಾರ್ಡಿನ ತಯಾರಕರು ಸೂಚಿಸಿದಷ್ಟು ವಾಟ್‌ನ ಒಳ್ಳೆಯ ಪವರ್ ಸಪ್ಲೈ, ಈ ಮೂರಕ್ಕೂ ಬಜೆಟ್‌ನಲ್ಲಿ ಮೊದಲೇ ಹಣ ತೆಗೆದಿಡಬೇಕು.

ಕೊಳ್ಳುವಾಗ ಸೀರಿಯಲ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಬೇಕು. ಬಿಲ್ಲಿಲ್ಲದ ಅಗ್ಗದ ಕಾರ್ಡಿಗೆ ವಾರಂಟಿ ಸಿಗುವ ಭರವಸೆ ಇಲ್ಲ.